ಎದೆಯ ಮೇಲೆ ಒಂದೇ ರೆಕ್ಕೆ

ಅವರನ್ನು ಯಾರಾದರೂ ಪೈಲಟ್ ಎಂದು ಕರೆದರೆ ಸಾಕು, ಮೂಗಿನ ತುದಿ ಕೆಂಪಾಗುತ್ತಿತ್ತು. ಕೊಟ್ಟೂರಿನ ಅರ್ಧ ಊರು ಅವರನ್ನು ಹಾಗೆಯೇ ಕರೆಯುತ್ತಿತ್ತು, ಉಳಿದರ್ಧ ‘ಮಿಲ್ಟ್ರಿ ಮಾವ’ ಎನ್ನುತ್ತಿತ್ತು. ಎರಡಕ್ಕೂ ಅವರ ತಕರಾರು. “ಮಿಲ್ಟ್ರಿ ಅಲ್ಲಪಾ, ಏರ್‌ಫೋರ್ಸು. ಪೈಲಟ್ ಅಲ್ಲಪಾ, ಫ್ಲೈಟ್ ಎಂಜಿನಿಯರು” ಎಂದು ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಮಂಡಕ್ಕಿ ಅಂಗಡಿಯ ಮುಂದೆ ನಿಂತಲ್ಲೇ ತಿದ್ದುತ್ತಿದ್ದರು. ತಿದ್ದಿಸಿಕೊಂಡವರು ಭಕ್ತಿಯಿಂದ ತಲೆಯಾಡಿಸಿ, “ಆತ್ ಬಿಡ್ರಿ ಪೈಲಟ್ ಸಾಹೇಬ್ರ” ಎಂದು ಮುಂದೆ ಹೋಗುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ. ಓದಿದ ನಮ್ಮೂರಿನವರು ‘ಇವರ್ಯಾರು?’ ಎಂದು ಹುಬ್ಬು ಗಂಟಿಕ್ಕಿ, ಆಮೇಲೆ ‘ಓ, ಪೈಲಟ್ ಸಾಹೇಬ್ರಾ!’ ಎಂದೇ ಅನ್ನುತ್ತಾರೆ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ನೆನೆಸಿಕೊಂಡರೆ ದುಃಖಕ್ಕಿಂತ ಮೊದಲು ನನಗೆ ನಗು ಬರುತ್ತದೆ, ನಗುವಿನ ಹಿಂದೆಯೇ ಆ ಕಾರಿನ ಪ್ರಯಾಣ ನೆನಪಾಗುತ್ತದೆ. ಅದನ್ನೇ ಹೇಳಬೇಕು. ಆದರೆ ಮೊದಲು ಮನುಷ್ಯನ ಪರಿಚಯವಾಗಲಿ.

ಹುಟ್ಟಿದ್ದು ತುಂಗಭದ್ರೆಯ ದಂಡೆಯ ಹಲವಾಗಲಿನಲ್ಲಿ. ಹೈಸ್ಕೂಲು ಮುಗಿಸಿ ಏರ್‌ಫೋರ್ಸ್ ಸೇರಿ, ಮೊದಲು ನೆಲದ ಮೇಲೆ ಎಂಜಿನ್ ರಿಪೇರಿ ಕಲಿತು, ಆಮೇಲೆ ವಿಮಾನದೊಳಗೇ ಕೂತು ಎಂಜಿನ್ ನೋಡಿಕೊಳ್ಳುವ ಕೆಲಸಕ್ಕೆ ಏರಿದವರು. ಸರಕು ಹೊರುವ ದೊಡ್ಡ ವಿಮಾನಗಳು ಅವು. ಹಿಮದ ಬೆಟ್ಟಗಳಲ್ಲಿದ್ದ ನಮ್ಮ ಸೈನಿಕರಿಗೆ ಅಕ್ಕಿ, ಬೇಳೆ, ಸೀಮೆಎಣ್ಣೆ ಒಯ್ಯುತ್ತಿದ್ದವು. ಮುಂದೆ ಇಬ್ಬರು ಪೈಲಟ್‌ಗಳು, ಅವರ ಬೆನ್ನ ಹಿಂದೆ ಇವರು. “ಹಿಮಾಲಯ ಹೆಂಗಿತ್ರಿ ಮಾವಾರ?” ಎಂದು ನಾನೊಮ್ಮೆ ಆಸೆಯಿಂದ ಕೇಳಿದ್ದೆ.

“ಯಾರಿಗ್ಗೊತ್ತವ್ವಾ! ಅವರಿಬ್ರು ನೋಡ್ತಿದ್ರು. ನಾ ನೋಡಿದ್ದು ಮೀಟರಿನ ಮುಳ್ಳು. ಎಣ್ಣಿ ಎಷ್ಟು ಬಿಸಿ ಆಗೈತಿ, ಒತ್ತಡ ಎಷ್ಟೈತಿ. ಮುಳ್ಳು ಅಲ್ಲಾಡ್ಲಿಲ್ಲ ಅಂದ್ರ ಹಿಮಾಲಯ ಚಂದ ಐತಿ ಅಂತ ತಿಳ್ಕೋಬೇಕು.”

ನಿವೃತ್ತರಾದ ಮೇಲೆ ಹೆಂಡತಿಯ ತವರು ಕೊಟ್ಟೂರಿನಲ್ಲೇ ಮನೆ ಕಟ್ಟಿಸಿಕೊಂಡರು. ಮುಳ್ಳು ನೋಡುವ ಚಟ ಮಾತ್ರ ಬಿಡಲಿಲ್ಲ. ಪಡಸಾಲೆಯಲ್ಲಿ ಪೇಪರು ಓದುತ್ತ ಕೂತವರು ಅಡುಗೆಮನೆಯ ಮಿಕ್ಸರಿನ ಸದ್ದಿಗೆ ಕಿವಿಯೆತ್ತಿ, “ಆಫ್ ಮಾಡು, ಬಿಸಿ ಆತು!” ಎಂದು ಕೂಗುತ್ತಿದ್ದರು. ಅವರ ಹೆಂಡತಿ, ನಮಗೆಲ್ಲ ಅತ್ತೆ, ಒಳಗಿನಿಂದಲೇ, “ಚಟ್ನಿ ಇನ್ನಾ ಆಗಿಲ್ಲ. ಈ ಮನ್ಯಾಗ ಪೈಲಟ್ ನಾನು, ಸುಮ್ಕ ಕುಂದರ್ರಿ” ಎನ್ನುತ್ತಿದ್ದರು. ಬಸ್ಸು ಹತ್ತಿದರೆ ಡ್ರೈವರಿನ ಹಿಂದಿನ ಸೀಟೇ ಬೇಕು. ಇಳಿದ ಮೇಲೆ ಬಾನೆಟ್ಟಿನ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿಯೇ ಮುಂದಿನ ಹೆಜ್ಜೆ. ಅವರ ಕಿವಿ ಎಲ್ಲ ಸಲವೂ ಸರಿ ಅಂತಲ್ಲ. ಒಮ್ಮೆ ಹಿಟ್ಟಿನ ಗಿರಣಿಯ ಮುಂದೆ ನಿಂತು, “ಬೇರಿಂಗ್ ಹೋಗೈತಿ, ಇವತ್ತೋ ನಾಳೆನೋ” ಎಂದು ಭವಿಷ್ಯ ನುಡಿದರು. ಗಿರಣಿಯವನು ಹೆದರಿ, ಸಂತೆಯ ದಿನ ಕೆಲಸ ನಿಲ್ಲಿಸಿ, ಮಿಷನ್ನು ಪೂರ್ತಿ ಬಿಚ್ಚಿ ನೋಡಿದರೆ ಒಳಗೊಂದು ಸತ್ತ ಹಲ್ಲಿ, ಅಷ್ಟೇ. “ನಾ ಸದ್ದು ಐತಿ ಅಂದೆ, ಸದ್ದು ಇತ್ತೋ ಇಲ್ಲೋ?” ಎಂದು ಇವರು ವಾದಕ್ಕೆ ನಿಂತರು. ಸೋಲೊಪ್ಪುವ ಜಾಯಮಾನವಲ್ಲ ಅದು.

ನನ್ನದು ಬಜಾರಿನಲ್ಲಿ ಫೋಟೊ ಫ್ರೇಮಿನ ಅಂಗಡಿ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತೇನೆ. ದೇವರು, ಮದುಮಕ್ಕಳು, ತೀರಿಹೋದವರು, ಈ ಮೂರು ಜಾತಿಯ ಮುಖಗಳಿಗೆ ಗಾಜು ಕೊಯ್ದು ಕೊಯ್ದು ನನಗೂ ಬೇಸರ ಬಂದಿತ್ತು. ಅಂಥ ಒಂದು ಮಧ್ಯಾಹ್ನ ಅವರು ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, ಮುಚ್ಚಳ ತೆಗೆದರು. ಒಳಗೆ ಬಿಳಿ ಪಂಚೆಯ ತುಂಡು. ಅದನ್ನು ಬಿಡಿಸಿದರೆ, ಅಬ್ಬಾ! ರೆಕ್ಕೆಗಳು! ಬಟ್ಟೆಯ ರೆಕ್ಕೆ, ಲೋಹದ ರೆಕ್ಕೆ, ಬಂಗಾರದ ದಾರದ ರೆಕ್ಕೆ. ವಿಮಾನದವರು ಎದೆಯ ಎಡಭಾಗದಲ್ಲಿ, ಜೇಬಿನ ಮೇಲ್ಗಡೆ ಧರಿಸುವ ಗುರುತುಗಳು. ಅವರು ಅದನ್ನು ‘ವಿಂಗು’ ಎನ್ನುತ್ತಿದ್ದರು.

“ಇದ್ರಾಗ ಎಲ್ಲಕ್ಕಿಂತ ದೊಡ್ಡವರದು ಯಾವುದು, ಆರಿಸವ್ವಾ ನೋಡೋಣ” ಎಂದರು, ಪರೀಕ್ಷೆ ಮಾಡುವವರ ಹಾಗೆ.

ನಾನು ಹಿಂದುಮುಂದು ನೋಡದೆ ಫಳಫಳ ಹೊಳೆಯುತ್ತಿದ್ದ ಒಂದು ಚಿನ್ನದ ಬಣ್ಣದ್ದನ್ನು ಎತ್ತಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದು ಪ್ಲಾಸ್ಟಿಕ್ಕಿನದು. ವಿಮಾನದಲ್ಲಿ ಅಳುವ ಮಕ್ಕಳಿಗೆ ಸಮಾಧಾನ ಮಾಡಲು ಕಂಪನಿಯವರು ಕೊಡುವ ಆಟಿಕೆಯಂತೆ. ಅವರ ಮೊಮ್ಮಗಳದು, ಹೇಗೋ ಡಬ್ಬಿ ಸೇರಿತ್ತು. ನನಗೆ ನಾಚಿಕೆಗಿಂತ ಹುರುಪೇ ಹೆಚ್ಚಾಯಿತು. ಗಿರಾಕಿಗಳನ್ನೆಲ್ಲ ಆಮೇಲೆ ಬನ್ನಿ ಎಂದು ಕಳಿಸಿ, ಸ್ಟೂಲು ಎಳೆದುಕೊಂಡು ಅವರ ಎದುರು ಕೂತೆ.

“ಮೊದ್ಲು ಹಿಂದ ತಿರುವಿ ನೋಡಬೇಕು” ಎನ್ನುವುದು ಅವರ ಮೊದಲ ಪಾಠ. ಹಿಂದೆ ಪಿನ್ನು ಇದ್ದರೆ ಸಾಮಾನ್ಯವಾಗಿ ಪ್ರಯಾಣಿಕರ ವಿಮಾನ ನಡೆಸುವ ಕಂಪನಿಯವರದು, ಅಂದರೆ ಸಿವಿಲ್. ದಾರದ ತೂತುಗಳಿದ್ದರೆ ಸೇನೆಯ ಯೂನಿಫಾರ್ಮಿಗೆ ಹೊಲಿದದ್ದು. ಮತ್ತೆ ನಡುವೆ ಏನಿದೆ ನೋಡಬೇಕು. ನಾಲ್ಕು ಸಿಂಹ ಇದ್ದರೆ ನಮ್ಮ ಏರ್‌ಫೋರ್ಸು. ಲಂಗರು ಇದ್ದರೆ ಹಡಗಿನ ಪಡೆಯವರು, ಅವರಿಗೂ ವಿಮಾನಗಳುಂಟು. ರಾಜನ ಕಿರೀಟ ಇದ್ದರೆ ಬ್ರಿಟಿಷರ ಕಾಲದ್ದು. ನಡುವೆ ಛತ್ರಿ ಇದ್ದು ಎರಡೂ ಕಡೆ ರೆಕ್ಕೆ ಇದ್ದರೆ ಅವರು ಪೈಲಟ್ಟೇ ಅಲ್ಲ, ಪ್ಯಾರಾಶೂಟಿನಲ್ಲಿ ಜಿಗಿಯುವ ಸೈನಿಕರು. “ಅವರು ನಡು ಆಕಾಶದಾಗ ವಿಮಾನ ಬಿಟ್ಟು ಹೋಗೋರು. ನಾವು ಏನ ಆದ್ರೂ ಬಿಡದವರು” ಎಂದು ಕಣ್ಣು ಮಿಟುಕಿಸಿದರು.

ನಾನು ಒಂದೊಂದನ್ನೇ ತಿರುವಿ, ಮೂಸಿ, ಬೆಳಕಿಗೆ ಹಿಡಿದು ಹೇಳತೊಡಗಿದೆ. ಸರಿಯಾದರೆ ಮೇಜು ಕುಟ್ಟುತ್ತಿದ್ದರು, ತಪ್ಪಾದರೆ ನಾಲಿಗೆ ಲೊಚಗುಟ್ಟುತ್ತಿದ್ದರು. ಸಿಂಹ ಇದ್ದ, ಎರಡೂ ಕಡೆ ರೆಕ್ಕೆ ಚಾಚಿದ ಮಾಸಲು ವಿಂಗು ಅವರ ಕ್ಯಾಪ್ಟನ್ ಆಗಿದ್ದ ಪಂಜಾಬಿನ ಪೈಲಟ್ಟಿನದು. ಆತ ನೌಕರಿ ಬಿಟ್ಟು ಹೊರಡುವ ದಿನ ತನ್ನ ಎದೆಯಿಂದ ಬಿಚ್ಚಿ ಇವರ ಕೈಗಿಟ್ಟಿದ್ದ, ಇವರದೊಂದನ್ನು ತಾನು ಒಯ್ದಿದ್ದ. ಮುಂದೆ ಆತ ಪ್ರಯಾಣಿಕರ ವಿಮಾನಕ್ಕೆ ಸೇರಿ, ಅಲ್ಲಿಯ ಲೋಹದ ವಿಂಗನ್ನೂ ಕಳಿಸಿಕೊಟ್ಟಿದ್ದ. ಹೀಗೆ ಒಬ್ಬನೇ ಮನುಷ್ಯನ ಎರಡು ಜನ್ಮ ಆ ಡಬ್ಬಿಯಲ್ಲಿತ್ತು. ಕಿರೀಟದ್ದನ್ನು ನಾನು ಗೌರವದಿಂದ ಎರಡೂ ಕೈಯಲ್ಲಿ ಎತ್ತಿದೆ. “ಅದು ನಕಲಿ. ಅಳಿಯ ಆನ್‌ಲೈನಿನ್ಯಾಗ ತರಿಸಿ ಕೊಟ್ಟಾನ. ದಾರ ನೋಡು, ನಿನ್ನೆ ಹುಟ್ಟಿದ್ದು” ಎಂದರು. ಹಾಗಾದರೆ ಯಾಕೆ ಇಟ್ಟುಕೊಂಡಿದ್ದೀರಿ ಎಂದರೆ, “ಪ್ರೀತಿ ಅಸಲಿ ಐತಲ್ಲ! ಫ್ರೇಮಿಗೂ ಹಾಕು. ಕೆಳಗ ‘ನಕಲಿ, ಅಳಿಯಂದಿರ ಕಾಣಿಕೆ’ ಅಂತ ಬರಿ.”

ಎಲ್ಲದರ ಅಡಿಯಲ್ಲಿ ಇನ್ನೊಂದಿತ್ತು. ಕಪ್ಪು ಬಟ್ಟೆಯ ಮೇಲೆ ಎಲೆಬಳ್ಳಿಯ ಒಂದು ದುಂಡು, ಅದರೊಳಗೆ ಒಂದು ಅಕ್ಷರ, ಅದರ ಒಂದು ಬದಿಗೆ ಮಾತ್ರ ರೆಕ್ಕೆ. ಬಿಳಿಯ ದಾರ ಚಹಾದ ಬಣ್ಣಕ್ಕೆ ತಿರುಗಿತ್ತು.

“ಇದು ಹರಿದುಹೋಗೈತಲ್ರಿ” ಎಂದೆ.

ಅವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಅಂಗೈಯಲ್ಲಿಟ್ಟುಕೊಂಡರು. “ಹರಿದಿಲ್ಲ. ಇದು ನಂದು.” ಪೈಲಟ್ಟಿಗೆ ಎರಡು ರೆಕ್ಕೆ. ವಿಮಾನದಲ್ಲಿ ಅವರ ಜತೆ ಹಾರುವ ಉಳಿದವರಿಗೆ, ದಾರಿ ಲೆಕ್ಕ ಹಾಕುವವರಿಗೆ, ಎಂಜಿನ್ ನೋಡುವವರಿಗೆ, ಒಂದೇ. ಒಳಗಿನ ಅಕ್ಷರ ಅವರವರ ಕೆಲಸ ಹೇಳುತ್ತದೆ. “ಜನ ಇದನ್ನ ಅರ್ಧ ಅಂತಾರ. ಅರ್ಧ ಅಲ್ಲವ್ವಾ. ಇದು ಪೂರಾ ಇರೋದ ಇಷ್ಟು” ಎಂದರು.

ಫ್ರೇಮು ಯಾಕೆ ಬೇಕಾಯಿತು ಎಂದರೆ, ಹಲವಾಗಲಿನಲ್ಲಿ ಅವರು ಓದಿದ ಶಾಲೆಯವರು ಅವರನ್ನು ಸನ್ಮಾನಕ್ಕೆ ಕರೆದಿದ್ದರು. ಈ ವಿಂಗುಗಳನ್ನೆಲ್ಲ ಗಾಜಿನ ಪೆಟ್ಟಿಗೆಯಲ್ಲಿ ಹೊಂದಿಸಿ, ಕೆಳಗೆ ಇಂಥದು ಇಂಥವರದು ಎಂದು ಬರೆಸಿ, ಶಾಲೆಗೆ ಕೊಡಬೇಕೆಂಬುದು ಅವರ ಆಸೆ. ತಮ್ಮದನ್ನು ಮಾತ್ರ ಆ ದಿನ ಕೋಟಿನ ಮೇಲೆ ಧರಿಸಿ ನಿಂತು, ಆಮೇಲೆ ಬಿಚ್ಚಿ ಪೆಟ್ಟಿಗೆಯ ಖಾಲಿ ಜಾಗದಲ್ಲಿಡುವುದು. ಆಮಂತ್ರಣ ಪತ್ರಿಕೆ ತೋರಿಸಿದರು. ‘ನಮ್ಮೂರಿನ ಹೆಮ್ಮೆಯ ಪೈಲಟ್’ ಎಂದಿತ್ತು. ನಾನು ನಗಲು ಹೋದವಳು ಅವರ ಮುಖ ನೋಡಿ ಪತ್ರಿಕೆಯನ್ನು ಮಡಚಿ ಮರಳಿಸಿದೆ.

“ಇಲ್ಲಿ ಕೊಟ್ಟೂರಾಗ ಏನರ ಅನ್ಲಿ, ನಡೀತೈತಿ. ನಮ್ಮೂರ ಸಾಲ್ಯಾಗ ಒಂದ್ಸಲ ನಾನು ಏನಾಗಿದ್ನೋ ಅದ ಆಗಿ ನಿಂದ್ರಬೇಕು. ಆಕಿಂದು ಈಕಿಂದು ಬಂಗಾರ ಹಾಕ್ಕೊಂಡು ಮದಿವಿಗೆ ಹೋದಂಗ ಆಗಬಾರ್ದು” ಎಂದರು. ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಕೋಟಿನ ಮೇಲೆ ವಿಂಗು ಹೊಲಿಯಲು ಹುಲಿಗೆಮ್ಮನ ಹತ್ತಿರ ಕಳಿಸಿದವಳು ನಾನೇ. ನನ್ನ ಅಂಗಡಿಯ ಮಗ್ಗುಲಲ್ಲೇ ಅವಳದು ಬ್ಲೌಸಿಗೆ ಮಗ್ಗಂ ವರ್ಕ್ ಮಾಡುವ ಅಂಗಡಿ. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆಯ ಸೂಜಿಯಲ್ಲಿ ಜರಿ, ಮಣಿ ಕೂರಿಸುವ ಕೆಲಸ. ಕೂಡ್ಲಿಗಿ, ಹಡಗಲಿಯಿಂದೆಲ್ಲ ಮದುವೆ ಬ್ಲೌಸು ಅವಳಿಗೇ ಬರುತ್ತವೆ. ಕೈ ಅಂಥದು. ಬಾಯಿ ಇನ್ನೂ ಅಂಥದು. ಅವರು ಕೋಟು, ವಿಂಗು ಎರಡನ್ನೂ ಕೊಟ್ಟಾಗ ಅವಳು ಅಂಗಡಿಯಲ್ಲಿರಲಿಲ್ಲ. ಅವಳ ಗಂಡನ ಕೈಗಿತ್ತು, “ಇದನ್ನ ಇಲ್ಲಿ ಕೂಡಿಸ್ರಿ” ಎಂದು ಹೇಳಿ ಬಂದಿದ್ದರು. ಗಂಡ ಹೆಂಡತಿಗೆ ಏನು ದಾಟಿಸಿದನೋ ದೇವರೇ ಬಲ್ಲ.

ಕಾರ್ಯಕ್ರಮದ ಹಿಂದಿನ ಸಂಜೆ ಅವರು ನನ್ನ ಅಂಗಡಿಯಲ್ಲಿ ಫ್ರೇಮು ನೋಡುತ್ತ ನಿಂತಿದ್ದರು. ಹುಲಿಗೆಮ್ಮ ಕೋಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು, ಮುಖ ತುಂಬ ನಗುತ್ತ ಒಳಗೆ ಬಂದಳು. ಎದೆಯ ಮೇಲೆ ಎರಡು ರೆಕ್ಕೆ ಚಾಚಿಕೊಂಡಿದ್ದವು.

ನನ್ನ ಕೈಯಲ್ಲಿದ್ದ ಗಾಜು ಕೊಯ್ಯುವ ವಜ್ರ ಜಾರಿ ಕೆಳಗೆ ಬಿತ್ತು.

ಎಷ್ಟು ಚೆಂದ ಮಾಡಿದ್ದಳೆಂದರೆ ಯಾವುದು ಹಳೆಯದು, ಯಾವುದು ಹೊಸದು ಎಂದು ಟ್ಯೂಬ್‌ಲೈಟಿನಲ್ಲಿ ನನಗೆ ಗೊತ್ತೇ ಆಗಲಿಲ್ಲ. ಹೊಸ ದಾರ ಬೆಳ್ಳಗೆ ಕಾಣುತ್ತದೆಂದು ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಿದ್ದಳಂತೆ. ಗರಿಗೆ ಗರಿ ಎಣಿಸಿ ಹೊಂದಿಸಿದ್ದಳಂತೆ. “ಈ ಕಡೀದನ್ನ ನುಸಿ ತಿಂದುಬಿಟ್ಟಿತ್ತು ಮಾವಾರ. ನಾ ಕುಪ್ಪಸಕ್ಕ ಒಂಟಿ ನವಿಲು ಎಂದೂ ಹಾಕಿಲ್ಲ. ಜೋಡಿ ಇರಬೇಕು. ನಿಮ್ಮಂಥವ್ರಿಗೆ ಮುರುಕು ರೆಕ್ಕಿ ಹಚ್ಚಿ ಕಳಸ್ಲೇನು?” ಎಂದಳು. ಕೂಲಿಯನ್ನೂ ಬೇಡವೆಂದಳು.

ಅವರು ಕೋಟು ತೆಗೆದುಕೊಂಡರು. ಅಭ್ಯಾಸದಂತೆ ಒಳಮಗ್ಗುಲು ತಿರುವಿ ನೋಡಿದರು. ಬಹಳ ಹೊತ್ತು ನೋಡಿದರು. ಮೂಗಿನ ತುದಿ ಕೆಂಪಾಯಿತು, ಮತ್ತೆ ಬೆಳ್ಳಗಾಯಿತು. ಈಗ ಸಿಡಿಯುತ್ತಾರೆ, ಈಗ ಸಿಡಿಯುತ್ತಾರೆ ಎಂದು ನಾನು ಕಾದೆ.

“ಹುಲಿಗೆವ್ವಾ, ನಿನ್ನ ಕೈಗೆ ದೊಡ್ಡ ನಮಸ್ಕಾರ. ಮುಂದಿಗಿಂತ ಹಿಂದ ಚಂದ ಬಂದೈತಿ” ಎಂದರು. ಆಮೇಲೆ ಮೆಲ್ಲಗೆ, “ಆದ್ರ ನೀ ನನಗ ಪ್ರಮೋಷನ್ ಕೊಟ್ಟುಬಿಟ್ಟೀ ನೋಡು. ಸರಕಾರ ಕೊಡದ ಪ್ರಮೋಷನ್ನು” ಎಂದರು.

ಅವಳಿಗೆ ತಿಳಿಯಲಿಲ್ಲ. ನಾನು ತಿಳಿಸಿ ಹೇಳಿದೆ. ಅವಳ ಮುಖ ನೋಡಲಾಗಲಿಲ್ಲ. ಸೆರಗಿನಿಂದ ಬಾಯಿ ಒತ್ತಿಕೊಂಡವಳು ಮರುಕ್ಷಣ ಸಿಟ್ಟಿಗೆದ್ದಳು. “ಅಲ್ರೀ ಮಾವಾರ, ಯಾರರ ಒಂದ ರೆಕ್ಕಿ ಕೊಡ್ತಾರೇನ್ರಿ? ಅದೆಂಥಾ ಸರಕಾರ! ಕೊಟ್ರ ಎರಡು ಕೊಡಬೇಕು, ಇಲ್ಲಾ ಸುಮ್ಕಿರಬೇಕು!”

ಈ ಮಾತಿಗೆ ಅವರು ನಕ್ಕೇಬಿಟ್ಟರು. ಆದರೆ ನಗು ಮುಗಿದ ಮೇಲೆ ಉಳಿದದ್ದು ಕಷ್ಟವೇ. ಎರಡು ರೆಕ್ಕೆ ಹಾಕಿಕೊಂಡು ಹೋದರೆ ಜನ್ಮವಿಡೀ ಅಲ್ಲ ಅಲ್ಲ ಎಂದದ್ದನ್ನು ತಾವೇ ಹೌದು ಎಂದ ಹಾಗೆ. ಇನ್ನೊಬ್ಬರ ವಿಂಗು ಎದೆಗೆ ಹಾಕುವುದು ಅವರ ಪಾಲಿಗೆ ಕಳ್ಳತನ. ಖಾಲಿ ಎದೆಯಲ್ಲಿ ಹೋದರೆ ಆಮಂತ್ರಣ ಪತ್ರಿಕೆಯ ‘ಪೈಲಟ್’ ಎಂಬ ಮಾತೇ ಉಳಿದುಬಿಡುತ್ತದೆ. ಬಿಚ್ಚೋಣವೆಂದರೆ ಹೊಸ ದಾರ ಹಳೆಯ ದುಂಡಿನ ಬುಡದಲ್ಲೇ ಹೊಕ್ಕು ಹೆಣೆದುಕೊಂಡಿತ್ತು. ತಪ್ಪಿ ಹಳೆಯದೊಂದು ಎಳೆ ಕತ್ತರಿಸಿದರೆ ಅವರದೂ ಬಿಚ್ಚಿ ಬರುತ್ತಿತ್ತು. ಒಂದನ್ನು ಪಂಜಾಬಿನ ಕ್ಯಾಪ್ಟನ್ನಿಗೆ ಕೊಟ್ಟಾಗಿತ್ತು, ಅವರ ಬಳಿ ಉಳಿದಿದ್ದುದು ಇದೊಂದೇ.

“ನಾ ಹಾಕೀನಿ, ನಾನ ಬಿಚ್ಚತೀನಿ. ಬ್ಯಾರೇದವ್ರು ಕೈ ಹಚ್ಚಬ್ಯಾಡ್ರಿ” ಎಂದಳು ಹುಲಿಗೆಮ್ಮ. “ಆದ್ರ ಈ ಲೈಟಿನ್ಯಾಗ ಆಗಂಗಿಲ್ಲ. ಬಿಸಿಲು ಬೇಕು.”

ಬೆಳಿಗ್ಗೆ ಬಿಸಿಲು ಬರುವ ಹೊತ್ತಿಗೆ ನಾವು ಹೊರಡಲೇಬೇಕು. ಹಾಗಾದರೆ ಕಾರಿನಲ್ಲೇ ಬಿಚ್ಚುವುದೆಂದು ತೀರ್ಮಾನವಾಯಿತು.

ಬಾಡಿಗೆ ಕಾರಿನ ಡ್ರೈವರ್ ಕೊಟ್ರೇಶ. ನಮ್ಮೂರಲ್ಲಿ ಕಲ್ಲೆಸೆದರೆ ಒಬ್ಬ ಕೊಟ್ರೇಶನಿಗೆ ತಾಗುತ್ತದೆ, ಇವನು ಅವರೆಲ್ಲರಲ್ಲಿ ಜೋರಾಗಿ ಓಡಿಸುವವನು. ಹಿಂದಿನ ಸೀಟಿನಲ್ಲಿ ಬಿಸಿಲು ಬೀಳುವ ಕಿಟಕಿಗೆ ಹುಲಿಗೆಮ್ಮ, ಮಡಿಲಲ್ಲಿ ಕೋಟು, ಬೆರಳಲ್ಲಿ ತುದಿ ಚೂಪಾದ ಪುಟ್ಟ ಕತ್ತರಿ. ಅವಳ ಪಕ್ಕ ಫ್ರೇಮು ತಬ್ಬಿಕೊಂಡು ನಾನು. ಅತ್ತೆ ಮೊಣಕಾಲು ನೋವೆಂದು ಬರಲಿಲ್ಲ. ಮುಂದಿನ ಸೀಟಿನಲ್ಲಿ ಅವರು.

“ಟೇಕಾಫ್ ಮಾಡ್ಲೇನ್ರಿ ಪೈಲಟ್ ಸಾಹೇಬ್ರ?” ಎಂದ ಕೊಟ್ರೇಶ.

“ಇವತ್ತು ಪೈಲಟ್ ನೀನಲೇ. ನಾ ಎಂಜಿನಿಯರು. ನಾ ಹೇಳಿದಂಗ ನಡಸು” ಎಂದರು. ಕೊಟ್ರೇಶನ ಎದೆ ಉಬ್ಬಿದ್ದು ನನಗೆ ಹಿಂದಿನಿಂದಲೇ ಕಂಡಿತು.

ಆಮೇಲೆ ಶುರುವಾಯಿತು ನೋಡಿ. ಹರಪನಹಳ್ಳಿಯ ರಸ್ತೆಯಲ್ಲಿ ಅವರು ಮುಂದೆ ಕಣ್ಣು ನೆಟ್ಟು ಕೂತು ಒಂದೊಂದೇ ಗುಂಡಿಯನ್ನು ಕೂಗಿ ಹೇಳತೊಡಗಿದರು. “ಎಡಕ್ಕ ಗುಂಡಿ... ನಿಧಾನ... ಹಂಪ್ ಬಂತು, ಕತ್ರಿ ಎತ್ತು!” ಹುಲಿಗೆಮ್ಮ ಕತ್ತರಿ ಮೇಲಕ್ಕೆತ್ತುತ್ತಿದ್ದಳು. ಕಾರು ಏರಿ ಇಳಿಯುತ್ತಿತ್ತು. “ದಾರಿ ಸಾಫ್ ಐತಿ, ಇಳಸು!” ಮತ್ತೆ ಕತ್ತರಿ ಬಟ್ಟೆಗೆ ಇಳಿಯುತ್ತಿತ್ತು. ಚಕ್ಕಡಿ ಅಡ್ಡ ಬಂದರೆ ಕತ್ತರಿ ಮೇಲೆ, ಆಡಿನ ಹಿಂಡು ಬಂದರೆ ಕತ್ತರಿ ಮೇಲೆ. ಎದುರಿಗೆ ಕಬ್ಬಿನ ಲಾರಿ ಬಂದಾಗ ನಾವು ನಾಲ್ವರೂ ಒಟ್ಟಿಗೆ “ಕತ್ರಿ!” ಎಂದು ಅರಚಿದೆವು. ನಾನು ಹುಟ್ಟಿದಾಗಿನಿಂದ ಅಂಥ ಪ್ರಯಾಣ ಮಾಡಿಲ್ಲ. ಬಿಚ್ಚಿದ ಚಹಾ ಬಣ್ಣದ ದಾರದ ಚೂರುಗಳು ಅವಳ ಸೀರೆಯ ಮೇಲೆ, ಸೀಟಿನ ಮೇಲೆ, ನನ್ನ ತಲೆಯ ಮೇಲೆಲ್ಲ ಹಾರಾಡುತ್ತಿದ್ದವು. ಆ ಮನುಷ್ಯನ ದನಿಯಲ್ಲಿ ಎಷ್ಟು ಹುಮ್ಮಸ್ಸು! ವಿಮಾನದೊಳಗೆ ಆ ಇಬ್ಬರು ಪೈಲಟ್‌ಗಳಿಗೆ ಕೇಳುತ್ತಿದ್ದ ದನಿ ಇದೇ ಇರಬೇಕು ಎಂದುಕೊಂಡೆ. ಅವರು ಹಾರುವಾಗ ಹೇಗಿದ್ದಿರಬಹುದೆಂದು ನಾನು ಕಣ್ಣಾರೆ ಕಂಡದ್ದು ಆ ಬೆಳಿಗ್ಗೆಯೇ.

ಹರಪನಹಳ್ಳಿ ದಾಟಿದ ಮೇಲೆ ಹುಲಿಗೆಮ್ಮ ಥಟ್ಟನೆ, “ಗಾಡಿ ನಿಂದ್ರಸ್ರಿ!” ಎಂದಳು. ಹೊಸ ರೆಕ್ಕೆ ಬಿಚ್ಚಿಹೋಗಿತ್ತು, ಅದರ ಬುಡ ಮಾತ್ರ ಉಳಿದಿತ್ತು. ದುಂಡಿನ ಅಂಚಿನಲ್ಲಿ ಎರಡು ಎಳೆ ಒಂದರ ಮೇಲೊಂದು ಬಿದ್ದಿದ್ದವು. ಎರಡೂ ಒಂದೇ ಬಣ್ಣ. “ನಂದು ಯಾವುದು, ನಿಮ್ದು ಯಾವುದು, ನನಗ ತಿಳೀವಲ್ದು ಮಾವಾರ. ಚಹಾ ಚಲೋ ಹತ್ತಿಬಿಟ್ಟೈತಿ” ಎಂದಳು.

ಕಾರು ಜಾಲಿಗಿಡಗಳ ಪಕ್ಕ ನಿಂತಿತು. ಅವರು ಇಳಿದು ಬಂದು, ವಿಂಗಿನ ಅಂಚು ಮೇಲೆತ್ತಿ ಅದರ ಹಿಂಬದಿಯನ್ನು ಬಿಸಿಲಿಗೆ ಹಿಡಿದರು. ಕನ್ನಡಕ ತೆಗೆದರು, ಹಾಕಿದರು, ಮತ್ತೆ ತೆಗೆದರು. ನಾನು ಬಗ್ಗಿ ನೋಡಿದೆ. ವಿಂಗಿನ ಹಿಂಬದಿಯ ಬಟ್ಟೆಯಲ್ಲಿ ಇಸ್ತ್ರಿ ಪೆಟ್ಟಿಗೆ ಸುಟ್ಟ ಒಂದು ಕಂದು ಕಲೆ ಇತ್ತು. ಕಲೆಯೊಳಗೆ ಹಾದುಹೋದ ಒಂದು ಎಳೆಗೂ ಅದೇ ಸುಟ್ಟ ಬಣ್ಣ ಹತ್ತಿತ್ತು. ಇನ್ನೊಂದು ಎಳೆ ಕಲೆಯ ಮೇಲೆ ಹಾದಿದ್ದರೂ ಸುಟ್ಟಿರಲಿಲ್ಲ.

“ನಾ ಮದಿವಿ ಆದ ಹೊಸದ್ರಾಗ ನಿಮ್ಮತ್ತಿ ಇಸ್ತ್ರಿ ಮಾಡಾಕ ಹೋಗಿ ಸುಟ್ಟಿದ್ಲು” ಎಂದರು. “ಅವತ್ತು ಭಾಳ ಬೈದಿದ್ದೆ ಆಕಿನ್ನ.” ಸುಡದ ಎಳೆಯ ಮೇಲೆ ಉಗುರು ಇಟ್ಟು ತೋರಿಸಿದರು. “ಇದನ್ನ ಕತ್ತರಿಸು.”

ಕತ್ತರಿ ಕಚಕ್ ಎಂದಿತು. ಹೊಸ ರೆಕ್ಕೆಯ ಕೊನೆಯ ತುಣುಕು ಕಳಚಿ ಅವಳ ಅಂಗೈಗೆ ಬಂತು. ಹಳೆಯದು ಅಲುಗಲಿಲ್ಲ. ಕೊಟ್ರೇಶ ಹಾರ್ನ್ ಒತ್ತಿದ್ದೇ ಒತ್ತಿದ್ದು, ಜಾಲಿಯಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹಾರಿದವು. ಹುಲಿಗೆಮ್ಮ ಅಳುತ್ತಿದ್ದಳೋ ನಗುತ್ತಿದ್ದಳೋ, ನನಗೆ ತಿಳಿಯಲಿಲ್ಲ. ನಾನಂತೂ ಎರಡನ್ನೂ ಮಾಡುತ್ತಿದ್ದೆ.

ಶಾಲೆಯ ಅಂಗಳದಲ್ಲಿ ಅವರು ಕೋಟು ಹಾಕಿಕೊಂಡು ನಿಂತರು. ದುಂಡಿ‍ನ ಒಂದು ಬದಿಗೆ ರೆಕ್ಕೆ, ಇನ್ನೊಂದು ಬದಿಯಲ್ಲಿ ಸೂಜಿ ಚುಚ್ಚಿದ ಸಣ್ಣ ಸಣ್ಣ ತೂತು. ಕೈಯಿಂದ ಉಜ್ಜಿ ಮುಚ್ಚಲು ಹುಲಿಗೆಮ್ಮ ಹೋದಳು. “ಇರ್ಲಿ ಬಿಡವ್ವಾ” ಎಂದರು. ಹೆಡ್‌ಮಾಸ್ಟರು ಮೈಕಿನಲ್ಲಿ ಪೈಲಟ್ ಎಂದೇ ಪರಿಚಯ ಮಾಡಿದರು. ಹೂವಿನ ಹಾರ, ಶಾಲು ಎಲ್ಲ ಆಯಿತು. ಇವರು ಎದ್ದು ನಿಂತು ಭಾಷಣ ಮಾಡಲಿಲ್ಲ. ಮಕ್ಕಳ ಹತ್ತಿರ ಇಳಿದು ಹೋಗಿ, ಕೋಟು ಮುಂದೆ ಮಾಡಿ, “ಇದ್ರಾಗ ಏನು ತಪ್ಪೈತಿ ಹೇಳ್ರಿ” ಎಂದರು.

“ಒಂದ ರೆಕ್ಕಿ ಐತ್ರೀ!” ಎಂದು ಮೊದಲ ಸಾಲಿನ ಹುಡುಗಿ ಕೂಗಿದಳು. “ಇನ್ನೊಂದು ಎಲ್ಲಿ ಹೋತ್ರಿ?”

ಈ ಪ್ರಶ್ನೆಗಾಗಿ ಅವರು ಅದೆಷ್ಟು ವರ್ಷ ಕಾದಿದ್ದರೋ! ಇಬ್ಬರನ್ನು ಎಬ್ಬಿಸಿ ಮುಂದೆ ಕೂಡಿಸಿ ಪೈಲಟ್ ಮಾಡಿದರು, ಒಬ್ಬಳ ಕೈಗೆ ನಕಾಶೆ ಕೊಟ್ಟರು, ಇನ್ನು ಕೆಲವರನ್ನು ಎಂಜಿನ್ ಮಾಡಿ ಗುರ್ ಎನ್ನಿಸಿದರು. ತಾವು ಬೆನ್ನ ಹಿಂದೆ ನಿಂತು, “ಈ ಎಂಜಿನ್ ಬಿಸಿ ಆಗೈತಿ, ಇದನ್ನ ಆರಿಸ್ರಿ, ಉಳದವು ಜೋರು ಮಾಡ್ರಿ” ಎಂದರು. ಒಬ್ಬ ಹುಡುಗ ಬಾಯಿ ಮುಚ್ಚಿದ, ಉಳಿದವರು ಕಿವಿ ಕಿತ್ತುಹೋಗುವಂತೆ ಗುರ್ ಎಂದರು. ವಿಮಾನ ಬೆಟ್ಟ ದಾಟಿತು. “ಈಗ ತಿಳೀತೇನು ನಾನು ಏನು ಮಾಡ್ತಿದ್ದೆ ಅಂತ?” ಎಂದರೆ ಅಂಗಳಕ್ಕೆ ಅಂಗಳವೇ “ತಿಳೀತ್ರೀ!” ಎಂದಿತು.

ಕೊನೆಗೆ ವಂದನಾರ್ಪಣೆ. ಮೇಷ್ಟ್ರೊಬ್ಬರು ಚೀಟಿ ನೋಡಿಕೊಂಡು, “ನಮ್ಮ ಹೆಮ್ಮೆಯ ಪೈಲಟ್ ಸಾಹೇಬರಿಗೆ...” ಎಂದರು. ಮೂಗಿನ ತುದಿ ಕೆಂಪಾಗುತ್ತದೇನೋ ಎಂದು ನಾನು ಅವರತ್ತ ನೋಡಿದೆ. ಅವರು ಬಾಯಿ ತೆರೆಯುವ ಮೊದಲೇ ಮಕ್ಕಳೆಲ್ಲ ಎದ್ದುನಿಂತು, “ಅಲ್ರೀ ಸರ್! ಫ್ಲೈಟ್ ಎಂಜಿನಿಯರ್!” ಎಂದು ಕೂಗಿಬಿಟ್ಟರು. ತೆರೆದ ಬಾಯಿ ಹಾಗೆಯೇ ಮುಚ್ಚಿಕೊಂಡಿತು. ಅವರು ಕುರ್ಚಿಯ ಕೈ ಹಿಡಿದು ಮೆಲ್ಲಗೆ ಕೂತರು, ಶಾಲಿನ ಅಂಚಿನಿಂದ ಕಣ್ಣು ಒತ್ತಿಕೊಂಡರು. ಅವರನ್ನು ಬೇರೆಯವರು ಸರಿಯಾಗಿ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಫ್ರೇಮು ಈಗಲೂ ಆ ಶಾಲೆಯಲ್ಲಿದೆ. ಅವರ ವಿಂಗನ್ನು ಖಾಲಿ ಜಾಗದಲ್ಲಿ ನಾನೇ ಕೂರಿಸಿದೆ. ಹುಲಿಗೆಮ್ಮನ ರೆಕ್ಕೆಯ ತುಣುಕುಗಳನ್ನು ಅವರು ಒಂದೂ ಬಿಡದೆ ಆಯ್ದು ಬಿಸ್ಕತ್ತಿನ ಡಬ್ಬಿಗೆ ಹಾಕಿಕೊಂಡು ಹೋದರು.

ಆಮೇಲೆ ಒಂದು ಬೆಳಿಗ್ಗೆ ಪೇಪರು ಓದುತ್ತ ಪಡಸಾಲೆಯಲ್ಲೇ ಹೋಗಿಬಿಟ್ಟರು. ಮಿಕ್ಸರು ತಿರುಗುತ್ತಿತ್ತಂತೆ, ಹೊರಗಿನಿಂದ ಯಾರೂ ಕೂಗಲಿಲ್ಲವಲ್ಲ ಎಂದು ಅತ್ತೆ ಬಂದು ನೋಡಿದರಂತೆ.

ಮರುದಿನ ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿ ಓಣಿಯ ಹುಡುಗರು ಪ್ರೀತಿಯಿಂದ ದೊಡ್ಡ ಫ್ಲೆಕ್ಸ್ ಕಟ್ಟಿದರು. ಕೋಟು ಹಾಕಿಕೊಂಡ ಅವರ ಫೋಟೊ, ಮೇಲೆ ‘ಪೈಲಟ್ ಸಾಹೇಬರಿಗೆ ಭಾವಪೂರ್ಣ ಶ್ರದ್ಧಾಂಜಲಿ’, ಕೆಳಗೆ ಕಂಪ್ಯೂಟರಿನಿಂದ ತೆಗೆದು ಅಂಟಿಸಿದ ಎರಡು ರೆಕ್ಕೆಯ ಬಂಗಾರದ ವಿಂಗು. ನಾನು ನೋಡಿ ನಿಂತಲ್ಲೇ ನಿಂತೆ. ಏನು ಮಾಡಬೇಕೆಂದು ಹೊಳೆಯಲಿಲ್ಲ.

ಹುಲಿಗೆಮ್ಮನಿಗೆ ಹೊಳೆಯಿತು. ನನ್ನ ಅಂಗಡಿಯ ಏಣಿಯನ್ನು ಕೇಳದೆಯೇ ಎಳೆದುಕೊಂಡು ಬಂದಳು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಸೀರೆ ಎತ್ತಿ ಕಟ್ಟಿ, ಹಾಡಹಗಲೇ ಬಸ್‌ಸ್ಟ್ಯಾಂಡಿನ ಜನರೆಲ್ಲರ ಎದುರು ಏಣಿ ಹತ್ತಿದಳು. ಮೊದಲು ‘ಪೈಲಟ್’ ಎಂಬ ಪದ ಹೋಯಿತು. ಆಮೇಲೆ ಕೆಳಗಿನ ಮೆಟ್ಟಿಲಿಗೆ ಇಳಿದು, ಬಲು ಜೋಪಾನವಾಗಿ, ದುಂಡಿಗೆ ಕತ್ತರಿ ತಾಗದಂತೆ, ಒಂದು ರೆಕ್ಕೆಯನ್ನಷ್ಟೇ ಕತ್ತರಿಸಿ ತೆಗೆದಳು.

ಹುಡುಗರು ಓಡಿಬಂದರು. “ಏ ಯಕ್ಕಾ, ಏನ್ ಮಾಡಾಕತ್ತೀ! ಹೊಸಾ ಫ್ಲೆಕ್ಸು!”

ನಾನು ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಹುಲಿಗೆಮ್ಮ ಕತ್ತರಿಸಿದ ರೆಕ್ಕೆಯನ್ನು ಅವರ ಕೈಗೆ ಕೊಡುತ್ತ ಹೇಳಿದಳು, “ಇನ್ನ ಮ್ಯಾಲ ಮಾವಾರು ಬಂದು ತಿದ್ದಂಗಿಲ್ಲಪಾ. ನಾವ ತಿದ್ದಬೇಕು.”